ಹಸಿವಿನ ಚುಕ್ಕೆ

ಕೊಬ್ಬು ಅನ್ನುವ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಒಂದು ಮೈಯಲ್ಲಿರುವುದು, ಇನ್ನೊಂದು ತಲೆಗೆ ಏರುವುದು. ಜೀವಮಾನವಿಡೀ ಮೊದಲನೆಯದನ್ನು ಓದಿದ ಹೆಂಗಸಿಗೆ ಜನ ಎರಡನೆಯದನ್ನೂ ಸೇರಿಸಿ ಹೆಸರಿಟ್ಟರೆ ಅವರನ್ನು ಬೈಯುವ ಹಾಗಿಲ್ಲ. ಸಂಶೋಧನಾ ಸಂಸ್ಥೆಯ ಮೇಲಿನ ಮಹಡಿಯಲ್ಲಿ ಎಲ್ಲರೂ ಅವರನ್ನು ಕೊಬ್ಬಿನ ಮೇಡಂ ಅನ್ನುತ್ತಿದ್ದರು. ಎದುರಿಗೆ ಬರೀ ಮೇಡಂ, ಬೆನ್ನು ತಿರುಗಿಸಿದರೆ ಪೂರ್ತಿ ಹೆಸರು. ಅದು ಅವರಿಗೂ ಗೊತ್ತಿತ್ತು. "ಕೊಬ್ಬಿಲ್ಲದೆ ಒಂದು ಜೀವಕೋಶವೂ ನಿಲ್ಲಲ್ಲ ಕಣ್ರಪ್ಪ, ಅದರ ಗೋಡೆ ಕಟ್ಟಿರೋದೇ ಕೊಬ್ಬಿಂದ. ಬೈಯೋ ಮುಂಚೆ ಸ್ವಲ್ಪ ಓದ್ಕೊಳ್ಳಿ," ಎಂದು ಹೊಸಬರಿಗೆ ಮೊದಲ ದಿನವೇ ಹೇಳಿಬಿಡುತ್ತಿದ್ದರು.

ಹಾಗೆ ನೋಡಿದರೆ ಅವರ ಸ್ವಂತ ಮೈಯಲ್ಲಿ ಹುಡುಕಿದರೂ ಒಂದು ಚಮಚ ಕೊಬ್ಬು ಸಿಗುತ್ತಿರಲಿಲ್ಲ. ಕುಳ್ಳಗೆ, ಕಡ್ಡಿಯ ಹಾಗೆ ಇದ್ದರು. ದಾರ ಕಟ್ಟಿದ ಕನ್ನಡಕ ಎದೆಯ ಮೇಲೆ ತೂಗುತ್ತಿತ್ತು, ನಡೆದರೆ ಜೊತೆಯವರು ಓಡಬೇಕಿತ್ತು. ತಿಂದ ಎಣ್ಣೆ ಬೆಣ್ಣೆ ಎಲ್ಲಿಗೆ ಹೋಗುತ್ತದೆ, ಯಕೃತ್ತು ಅದನ್ನು ಹೇಗೆ ಗಂಟು ಕಟ್ಟಿ ರಕ್ತಕ್ಕೆ ಸಾಗಿಸುತ್ತದೆ, ಹೊಟ್ಟೆಗೆ ಏನೂ ಬೀಳದಿದ್ದಾಗ ಕೂಡಿಟ್ಟ ಗಂಟನ್ನು ಬಿಚ್ಚು ಅಂತ ದೇಹಕ್ಕೆ ಹೇಳುವವರು ಯಾರು, ಇಷ್ಟೇ ಅವರ ವಿಷಯ. ಇಷ್ಟೇ ಅಂದೆ, ಆದರೆ ಇದರಲ್ಲೇ ಕೂದಲು ನೆರೆಯಿತು.

ಈ ಹುಚ್ಚು ಹತ್ತಿದ್ದು ಸೋದರತ್ತೆಯ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ. ಶಾಲೆ ಬಿಟ್ಟ ಮೇಲೆ ಹುಡುಗಿ ಅಲ್ಲಿಗೆ ಹೋಗಿ ಸ್ಟೂಲಿನ ಮೇಲೆ ಕೂರುತ್ತಿದ್ದಳು. ನೀರಿನಲ್ಲಿ ಎಷ್ಟು ತಿಕ್ಕಿದರೂ ಹೋಗದ ಕಲೆ ಅತ್ತೆಯ ಡಬ್ಬಿಯ ದ್ರಾವಕಕ್ಕೆ ಒಂದೇ ಏಟಿಗೆ ಕರಗುತ್ತಿತ್ತು. ಯಾಕೆ ಅಂತ ಕೇಳಿದರೆ ಅತ್ತೆ, "ಜಿಡ್ಡು ನೀರಿನ ಮಾತು ಕೇಳಲ್ಲ ಕಣೇ, ಅದಕ್ಕೆ ತನ್ನ ಜಾತಿಯವರೇ ಬೇಕು," ಅನ್ನುತ್ತಿದ್ದಳು. ಕಾಲೇಜಿನಲ್ಲಿ ಇದನ್ನೇ ದೊಡ್ಡ ದೊಡ್ಡ ಪದಗಳಲ್ಲಿ ಹೇಳಿದಾಗ ಹುಡುಗಿಗೆ ನಗು ಬಂತು. ಅಲ್ಲಿಂದ ಮುಂದೆ ಅವಳು ಬೇರೆ ವಿಷಯದ ಕಡೆ ತಿರುಗಿ ನೋಡಲಿಲ್ಲ.

ಮದುವೆಯಾದದ್ದು ಒಬ್ಬ ಡ್ರಾಯಿಂಗ್ ಮೇಷ್ಟ್ರನ್ನು. ಸಮಾಧಾನದ ಮನುಷ್ಯ. ಹೆಂಡತಿ ಮನೆಗೆ ಬಂದಾಗ ಅವಳ ಬಟ್ಟೆಯಿಂದ ಬರುವ ಕ್ಲೋರೋಫಾರ್ಮಿನ ವಾಸನೆಗೆ, "ಇವತ್ತು ಯಾರನ್ನು ನಿದ್ದೆ ಮಾಡಿಸಿ ಬಂದೆ?" ಎಂದು ಕೇಳುವಷ್ಟರಲ್ಲೇ ಅವರ ಜಗಳವೆಲ್ಲ ಮುಗಿದುಹೋಗುತ್ತಿತ್ತು. ಒಬ್ಬಳು ಮಗಳು ಹುಟ್ಟಿದಳು. ಮಗಳಿಗೆ ಇನ್ನೂ ಮಾತು ಬರುವ ಮುಂಚೆಯೇ ಮೇಡಂಗೆ ಚುಕ್ಕೆ ಸಿಕ್ಕಿತು.

ಆ ಚುಕ್ಕೆಯ ವಿಷಯ ಹೇಳಬೇಕಾದರೆ ಕೆಲಸದ ವಿಷಯ ಸ್ವಲ್ಪ ಹೇಳಲೇಬೇಕು. ಇಲಿಯ ಯಕೃತ್ತಿನ ಒಂದು ಚೂರನ್ನು ಅರೆದು ಗಾಜಿನ ಕೊಳವೆಗೆ ಹಾಕುತ್ತಾರೆ. ಅದಕ್ಕೆ ಕ್ಲೋರೋಫಾರ್ಮ್, ಮೆಥನಾಲ್, ಒಂದಿಷ್ಟು ಉಪ್ಪುನೀರು ಸುರಿದು, ಬಿರಡೆ ಹಾಕಿ ಅಲ್ಲಾಡಿಸುತ್ತಾರೆ. ನಿಲ್ಲಿಸಿದರೆ ದ್ರವ ಎರಡು ಪದರವಾಗುತ್ತದೆ, ಕೆಳಗಿನದರಲ್ಲಿ ಕೊಬ್ಬೆಲ್ಲ ಇಳಿದಿರುತ್ತದೆ. ಅದರ ಒಂದು ಹನಿಯನ್ನು ಬಿಳಿ ಪುಡಿ ಬಳಿದ ಗಾಜಿನ ಹಲಗೆಯ ಬುಡದಲ್ಲಿಟ್ಟು, ಹಲಗೆಯನ್ನು ದ್ರಾವಕದ ತೊಟ್ಟಿಯಲ್ಲಿ ನಿಲ್ಲಿಸುತ್ತಾರೆ. ದ್ರಾವಕ ಮೇಲಕ್ಕೆ ಹತ್ತುತ್ತಾ ಕೊಬ್ಬನ್ನೂ ಎಳೆದುಕೊಂಡು ಹೋಗುತ್ತದೆ. ಒಂದೊಂದು ಬಗೆಯ ಕೊಬ್ಬು ಒಂದೊಂದು ಎತ್ತರದಲ್ಲಿ ಸುಸ್ತಾಗಿ ನಿಲ್ಲುತ್ತದೆ. ಹಲಗೆಯನ್ನು ಅಯೋಡಿನ್ ಹಬೆಗೆ ಹಿಡಿದರೆ ನಿಂತ ನಿಂತಲ್ಲೇ ಕಂದು ಚುಕ್ಕೆ ಮೂಡುತ್ತದೆ. ಹೇಳುವುದಕ್ಕೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಮಾಡಿದವರಿಗೆ ಗೊತ್ತು ಬೆನ್ನಿನ ಪಾಡು.

ಮೇಡಂ ಎರಡು ಗುಂಪಿನ ಇಲಿಗಳನ್ನು ಹೋಲಿಸುತ್ತಿದ್ದರು, ಉಂಡವು ಮತ್ತು ಉಪವಾಸದವು. ಒಂದು ದಿನ ಉಪವಾಸದ ಇಲಿಯ ಹಲಗೆಯಲ್ಲಿ, ಯಾವ ಚುಕ್ಕೆಯೂ ಇರಬಾರದ ಎತ್ತರದಲ್ಲಿ, ಸಣ್ಣದೊಂದು ಚುಕ್ಕೆ ಕಂಡಿತು. ಉಂಡ ಇಲಿಯಲ್ಲಿ ಅದು ಇರಲಿಲ್ಲ. ಮತ್ತೆ ಮಾಡಿದರು, ಮತ್ತೆ ಬಂತು. ಈ ಕಸುಬಿನಲ್ಲಿ ಸತ್ಯ ಪರೀಕ್ಷೆಗೆ ಒಂದು ಖಾಲಿ ಕೊಳವೆ ಇಡುವುದು ಪದ್ಧತಿ. ಅದರಲ್ಲಿ ಇಲಿ ಇಲ್ಲ, ಬರೀ ದ್ರಾವಕ. ಅಲ್ಲೂ ಚುಕ್ಕೆ ಬಂದರೆ ಅದು ಕೊಳೆ ಅಂತ ಅರ್ಥ. ಮೇಡಂ ಖಾಲಿ ಕೊಳವೆಯನ್ನೂ ನೋಡಿದರು. ಹಲಗೆ ಹಾಲಿನ ಹಾಗೆ ಬೆಳ್ಳಗಿತ್ತು. ಆ ಸಂಜೆ ಮಗಳನ್ನು ಎತ್ತಿಕೊಂಡು ಮನೆಗೆ ಬರುವಾಗ ದಾರಿಯುದ್ದಕ್ಕೂ ಅವರು ತಮ್ಮಷ್ಟಕ್ಕೆ ಹಾಡಿಕೊಂಡು ಬಂದರಂತೆ.

ಹೊಟ್ಟೆ ಖಾಲಿಯಾದಾಗ ಮಾತ್ರ ಕಾಣುವ ಕೊಬ್ಬು! ಕೂಡಿಟ್ಟದ್ದನ್ನು ಬಿಚ್ಚು ಎಂದು ಯಕೃತ್ತು ಮೈಗೆಲ್ಲ ಸಾರುವುದು ಇದರ ಮೂಲಕವೇ ಇರಬೇಕೆಂದು ಮೇಡಂ ಬರೆದರು. ಲೇಖನ ಅಚ್ಚಾಯಿತು. ಹಸಿವಿನ ಚುಕ್ಕೆ ಎಂದು ಯಾರೋ ತಮಾಷೆಗೆ ಕರೆದದ್ದು ಪಠ್ಯಪುಸ್ತಕದ ಅಡಿಟಿಪ್ಪಣಿಯವರೆಗೂ ಹೋಯಿತು. ಮೇಷ್ಟ್ರು ಮಾತ್ರ ಊಟಕ್ಕೆ ಕೂತಾಗ ನಿಟ್ಟುಸಿರು ಬಿಡುತ್ತಿದ್ದರು: "ನಾನು ಇಡೀ ಮರ ಬರೆದ್ರೂ ಕೇಳೋರಿಲ್ಲ. ನೀನು ಒಂದು ಚುಕ್ಕೆ ಇಟ್ಟು ಹೆಸರು ಮಾಡ್ಬಿಟ್ಟೆ ನೋಡು."

ಚುಕ್ಕೆ ಸಿಗುತ್ತಿದ್ದದ್ದು ತೀರ ಚೂರು, ಅದು ಯಾವ ವಸ್ತು ಎಂದು ಪೂರ್ತಿ ಬಿಡಿಸಲು ಯಾವ ಯಂತ್ರಕ್ಕೂ ಸಾಲುತ್ತಿರಲಿಲ್ಲ. ಬೇರೆ ಲ್ಯಾಬಿನವರೂ ಹುಡುಕಿದರು. ಮೇಡಂ ಬರೆದಿಟ್ಟ ಪದ್ಧತಿಯನ್ನು ಅಕ್ಷರ ಬಿಡದೆ ಅನುಸರಿಸಿದವರಿಗೆ ಸಿಕ್ಕಿತು. ತಮ್ಮದೇ ರೀತಿಯಲ್ಲಿ ಮಾಡಿದವರಲ್ಲಿ ಕೆಲವರಿಗೆ ಸಿಗಲಿಲ್ಲ, ಅವರು ಬರೆದು ಕೇಳಿದರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಮೇಡಂ ನಕ್ಕು, ಪದ್ಧತಿಯನ್ನು ಇನ್ನೊಮ್ಮೆ ಗಮನವಿಟ್ಟು ಓದಿ ಎಂದು ಉತ್ತರ ಕಳಿಸುತ್ತಿದ್ದರು. ಆ ನಗೆಯಲ್ಲಿ ಎರಡನೇ ಅರ್ಥದ ಕೊಬ್ಬು ಸ್ವಲ್ಪ ಇದ್ದದ್ದು ಸುಳ್ಳಲ್ಲ.

ಹೀಗೆ ವರ್ಷಗಳು ಉರುಳಿದವು. ಮಗಳು ಬೆಳೆದು ಹಲ್ಲಿನ ಡಾಕ್ಟರಾಗಿ ಊರಿನ ಇನ್ನೊಂದು ತುದಿಯಲ್ಲಿ ಮನೆ ಮಾಡಿದಳು. ಮೇಡಂಗೆ ನಿವೃತ್ತಿ ಹತ್ತಿರ ಬಂತು. ಅದಕ್ಕೆ ಮುಂಚೆ ದೊಡ್ಡದೊಂದು ಸಮ್ಮೇಳನದಲ್ಲಿ ಹಸಿವಿನ ಚುಕ್ಕೆಯ ಬಗ್ಗೆಯೇ ಮುಖ್ಯ ಭಾಷಣ ಮಾಡಲು ಕರೆ ಬಂದಿತ್ತು. ಅವರು ಬೇರೆ ಒಳ್ಳೆಯ ಕೆಲಸಗಳನ್ನೂ ಮಾಡಿದ್ದರು. ಆದರೆ ಅವರ ಹೆಸರು ಹೇಳಿದರೆ ಜನಕ್ಕೆ ನೆನಪಾಗುತ್ತಿದ್ದದ್ದು ಚುಕ್ಕೆ ಒಂದೇ. ಆ ಚುಕ್ಕೆ ಹೋದರೆ ತಮ್ಮ ಹೆಸರಿಗೆ ಅಂಟಿಕೊಂಡು ಉಳಿಯುವುದು ಏನೂ ಇಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವರ ಕೊನೆಯ ವಿದ್ಯಾರ್ಥಿನಿಯನ್ನು ಲ್ಯಾಬಿನಲ್ಲಿ ಏಣಿ ಎನ್ನುತ್ತಿದ್ದರು. ಅಷ್ಟು ಉದ್ದ. ಮೇಲಿನ ಕಪಾಟಿನಿಂದ ಬಾಟಲಿ ಇಳಿಸಬೇಕಾದರೆ ಎಲ್ಲರೂ ಅವಳನ್ನೇ ಕೂಗುತ್ತಿದ್ದರು. ಡಾಕ್ಟರೇಟಿಗೆ ಅವಳು ತೆಗೆದುಕೊಂಡ ವಿಷಯವೂ ಹಸಿವಿನ ಚುಕ್ಕೆಯೇ. ಬುದ್ಧಿವಂತೆ, ಕೈ ಚುರುಕು. ದೋಷ ಒಂದೇ, ಬೆಳಿಗ್ಗೆ ಏಳುವುದು ಅಂದರೆ ಅವಳಿಗೆ ಪ್ರಾಣಸಂಕಟ. ಉಳಿದವರು ಅರ್ಧ ಕೆಲಸ ಮುಗಿಸಿ ಚಹಾಕ್ಕೆ ಹೋಗುವ ಹೊತ್ತಿಗೆ ಅವಳು ಕಣ್ಣುಜ್ಜಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. "ಬಂದಳಪ್ಪ ಮಹಾರಾಣಿ," ಎಂದು ಮೇಡಂ ಗಡಿಯಾರ ನೋಡುತ್ತಿದ್ದರು.

ಒಂದು ದಿನ ಎಲ್ಲರೂ ಕೂತು ವಾರದ ಕೆಲಸ ಮಾತಾಡುವಾಗ ಏಣಿ ಹೇಳಿದಳು, "ಮೇಡಂ, ನನಗೆ ಉಂಡ ಇಲೀಲೂ ಚುಕ್ಕೆ ಬರ್ತಿದೆ."

"ಕೊಳವೆ ಸರಿಯಾಗಿ ತೊಳ್ದಿದ್ದೀಯಾ?"

"ತೊಳ್ದಿದ್ದೀನಿ ಮೇಡಂ."

"ಇನ್ನೊಂದ್ಸಲ ತೊಳಿ. ಆಮೇಲೆ ಮಾತಾಡೋಣ."

ಉಳಿದವರು ಮುಸಿಮುಸಿ ನಕ್ಕರು. ಏಣಿ ತಲೆ ತಗ್ಗಿಸಿಕೊಂಡು ಹೋಗಿ ತೊಳೆದಳು. ಸೋಪಿನಲ್ಲಿ ತೊಳೆದಳು, ಆಸಿಡ್ಡಿನಲ್ಲಿ ನೆನೆಸಿ ತೊಳೆದಳು, ಒಲೆಯಲ್ಲಿ ಕಾಯಿಸಿ ಒಣಗಿಸಿದಳು. ಚುಕ್ಕೆ ಹೋಗಲಿಲ್ಲ. ಮತ್ತೆ ಹೇಳಲು ಹೋದಾಗ ಮೇಡಂ ಭಾಷಣದ ತಯಾರಿಯಲ್ಲಿದ್ದರು, ತಲೆ ಎತ್ತದೆ, "ತೊಳೆಯೋದೂ ಒಂದು ವಿದ್ಯೆ ಮರಿ," ಎಂದರು. ಅವಳು ಮತ್ತೆ ತೊಳೆದಳು. ತಿಂಗಳುಗಟ್ಟಲೆ ತೊಳೆದಳು. ಕೈಯ ಚರ್ಮ ಬಿರಿದು, ಬೆರಳಿಗೆ ಪಟ್ಟಿ ಸುತ್ತಿಕೊಂಡು ಓಡಾಡಿದಳು. ಈ ಕೆಲಸ ತನ್ನ ಕೈಯಲ್ಲಿ ಆಗುವುದಿಲ್ಲವೇನೋ, ತನಗೆ ಯೋಗ್ಯತೆ ಇಲ್ಲವೇನೋ ಎಂದು ಒಬ್ಬಳೇ ಅತ್ತಳು. ಇಲ್ಲಿ ಮೇಡಂ ಮಾಡಿದ್ದು ತಪ್ಪು, ಅದನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ.

ಸಮ್ಮೇಳನ ಹತ್ತಿರವಾದಾಗ ಭಾಷಣದಲ್ಲಿ ತೋರಿಸಲು ಒಂದು ಹೊಸ ಹಲಗೆಯ ಚಿತ್ರ ಬೇಕೆಂದು ಮೇಡಂ ಏಣಿಯನ್ನು ಕರೆಸಿದರು. ಅವಳು ಹಳೇ ಪೇಪರಿನಲ್ಲಿ ಸುತ್ತಿದ ಹಲಗೆಯೊಂದನ್ನು ತಂದು ಮೇಜಿನ ಮೇಲಿಟ್ಟಳು. ಮೇಡಂ ಕನ್ನಡಕ ಏರಿಸಿ ನೋಡಿದರು. ಚುಕ್ಕೆ ಅಚ್ಚುಕಟ್ಟಾಗಿ, ತನ್ನ ಎತ್ತರದಲ್ಲಿ, ಒಂಟಿಯಾಗಿ ಕೂತಿತ್ತು.

"ಅಬ್ಬಾ, ಎಷ್ಟು ಚೆನ್ನಾಗಿ ಬಂದಿದೆ! ಬೇರೆ ಕೊಬ್ಬೆಲ್ಲ ಎಲ್ಲೋಯ್ತು? ಇದ್ಯಾವ ಇಲಿ?"

"ಇಲೀನೇ ಇಲ್ಲ ಮೇಡಂ. ಖಾಲಿ ಕೊಳವೆ."

ಮೇಡಂ ಹಲಗೆಯನ್ನು ಕೆಳಗಿಟ್ಟರು. "ನಮ್ಮ ಖಾಲಿ ಕೊಳವೇಲಿ ಯಾವತ್ತೂ ಏನೂ ಬಂದಿಲ್ಲ."

"ಬೆಳಿಗ್ಗೆ ಶುರುಮಾಡಿ ಸಂಜೆಯೊಳಗೆ ಮುಗಿಸಿದ್ರೆ ಬರಲ್ಲ ಮೇಡಂ. ಖಾಲೀದನ್ನ ನೀವೆಲ್ಲ ಹಾಗೇ ಮುಗಿಸ್ತೀರಿ. ನಾನು ಲೇಟಾಗಿ ಬರ್ತೀನಲ್ಲ... ನನ್ನ ಕೊಳವೆ ಎಲ್ಲಾ ಬಿರಡೆ ಹಾಕ್ಕೊಂಡು ಮಾರನೇ ದಿನದ ತನಕ ನಿಂತಿರುತ್ತೆ. ಉಂಡಿದ್ದು, ಉಪವಾಸದ್ದು, ಖಾಲೀದು, ಎಲ್ಲಾ. ಎಲ್ಲದರಲ್ಲೂ ಬರುತ್ತೆ." ಅವಳ ಪಟ್ಟಿ ಸುತ್ತಿದ ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು. "ತೊಳ್ದಿದ್ದೀನಿ ಮೇಡಂ. ನಿಜವಾಗ್ಲೂ ತೊಳ್ದಿದ್ದೀನಿ."

ಮೇಡಂ ಸ್ವಲ್ಪ ಹೊತ್ತು ಆ ಬೆರಳುಗಳನ್ನೇ ನೋಡಿದರು. ಆಮೇಲೆ, "ನೀನು ಹೋಗಮ್ಮ ಈಗ," ಎಂದರು. ಬಾಗಿಲು ಮುಚ್ಚಿಕೊಂಡ ಮೇಲೆ ಎದ್ದು, ಎಷ್ಟೋ ದಿನದಿಂದ ಗೂಟಕ್ಕೆ ನೇತುಹಾಕಿದ್ದ ಬಿಳಿ ಕೋಟು ತೊಟ್ಟುಕೊಂಡರು.

ಯಾರನ್ನೂ ಹತ್ತಿರ ಸೇರಿಸದೆ, ಸ್ವತಃ ತೊಳೆದ ಖಾಲಿ ಕೊಳವೆಗಳಿಗೆ ದ್ರಾವಕ ತುಂಬಿದರು. ಒಂದನ್ನು ನಿಲ್ಲಿಸದೆ ಅಂದೇ ಮುಗಿಸಿದರು. ಒಂದಕ್ಕೆ ಲ್ಯಾಬಿನ ಮಾಮೂಲಿ ಬಿರಡೆ ಹಾಕಿದರು, ಇನ್ನೊಂದಕ್ಕೆ ಮೂಲೆಯ ಡ್ರಾಯರಿನಲ್ಲಿ ಹುಡುಕಿ ತೆಗೆದ ಗಾಜಿನ ಬಿರಡೆ. ಎರಡನ್ನೂ ಮರುದಿನಕ್ಕೆ ನಿಲ್ಲಿಸಿ ಮನೆಗೆ ಬಂದರು.

"ಏನೇ, ಹರಳೆಣ್ಣೆ ಕುಡಿದ ಹಾಗಿದೆ ಮುಖ," ಎಂದರು ಮೇಷ್ಟ್ರು.

"ನಾಳೆ ಹೇಳ್ತೀನಿ ರೀ. ಇವತ್ತು ಕೇಳ್ಬೇಡಿ."

ಮೇಷ್ಟ್ರು ಕೇಳಲಿಲ್ಲ. ಊಟ ಬಡಿಸಿ, ಪಾತ್ರೆಯನ್ನೂ ತಾವೇ ತೊಳೆದಿಟ್ಟು, ಬಣ್ಣದ ಡಬ್ಬಿ ತೆಗೆದುಕೊಂಡು ಕಿಟಕಿಯ ಪಕ್ಕ ಕೂತರು. ಮೇಡಂ ಎದುರಿಗೆ ಕೂತು ಅವರ ಕುಂಚವನ್ನೇ ನೋಡುತ್ತಿದ್ದರು. ಒಳಗೊಳಗೇ ಭಯವಾಗಿತ್ತು. ಅಷ್ಟು ಭಯ ಹೆರಿಗೆಗೆ ಹೋಗುವಾಗಲೂ ಆಗಿರಲಿಲ್ಲ.

ಮರುದಿನ ಹಲಗೆ ಹಬೆಯಿಂದ ಹೊರಬಂದಾಗ ಯಾವ ಅನುಮಾನಕ್ಕೂ ಜಾಗವಿರಲಿಲ್ಲ. ಹಿಂದಿನ ದಿನವೇ ಮುಗಿಸಿದ್ದರಲ್ಲಿ ಏನೂ ಇಲ್ಲ. ಗಾಜಿನ ಬಿರಡೆಯದರಲ್ಲಿ ಏನೂ ಇಲ್ಲ. ಮಾಮೂಲಿ ಬಿರಡೆಯದರಲ್ಲಿ ಹಸಿವಿನ ಚುಕ್ಕೆ, ಅದೇ ಎತ್ತರ, ಅದೇ ಬಣ್ಣ. ಮೇಡಂ ಬ್ಲೇಡು ತೆಗೆದುಕೊಂಡು ಬಿರಡೆಯನ್ನು ಸೀಳಿದರು. ಮೇಲೆ ಯಾವ ದ್ರಾವಕಕ್ಕೂ ಬಗ್ಗದ ತೆಳ್ಳನೆಯ ಬಿಳಿ ಪದರ, ಅದರ ಕೆಳಗೆ ಬರೀ ರಬ್ಬರು. ಒಂದು ಹಗಲಿನ ಕೆಲಸಕ್ಕೆ ಆ ಪದರ ಸಾಕಿತ್ತು. ಹೊತ್ತು ಹೆಚ್ಚಾದರೆ ಕ್ಲೋರೋಫಾರ್ಮಿನ ಹಬೆ ಪದರದ ಅಂಚಿನಿಂದ ನುಸುಳಿ, ರಬ್ಬರಿನ ಜಿಡ್ಡನ್ನು ಒಂದು ಚೂರು ಕರಗಿಸಿ ಕೊಳವೆಗೆ ಇಳಿಸುತ್ತಿತ್ತು.

ಆದರೆ ಉಪವಾಸದ ಇಲಿಯಲ್ಲೇ ಯಾಕೆ ಬರುತ್ತಿತ್ತು? ಸ್ಟೂಲಿನ ಮೇಲೆ ಕೂತು ಮೇಡಂ ಹಿಂದಕ್ಕೆ ಯೋಚಿಸಿದರು, ಎಲ್ಲವೂ ಒಂದೊಂದಾಗಿ ಬಿಚ್ಚಿಕೊಂಡಿತು. ಉಂಡ ಇಲಿಗಳ ಕೆಲಸ ಬೆಳಿಗ್ಗೆಯೇ ಶುರುವಾಗಿ ಆ ದಿನವೇ ಮುಗಿಯುತ್ತಿತ್ತು. ಖಾಲಿ ಕೊಳವೆಯೂ ಅವುಗಳ ಜೊತೆಗೇ. ಉಪವಾಸದವುಗಳ ಉಪವಾಸ ಮುಗಿಯಲು ಮಧ್ಯಾಹ್ನ ದಾಟಬೇಕಿತ್ತು. ಕೊಳವೆಗಳು ತುಂಬುವ ಹೊತ್ತಿಗೆ ಮಗಳನ್ನು ಬಿಟ್ಟಿದ್ದ ಶಿಶುವಿಹಾರದ ಬಾಗಿಲು ಹಾಕುವ ಸಮಯ. ಬಿರಡೆ ಬಿಗಿದು ನಿಲ್ಲಿಸಿ, ಬ್ಯಾಗು ಹಿಡಿದು ಓಡುತ್ತಿದ್ದರು. ಉಪವಾಸದ ಮಾದರಿಗಳನ್ನು ಮರುದಿನ ಮುಂದುವರಿಸಬಹುದು ಎಂದು ಪದ್ಧತಿಯಲ್ಲೂ ತಾವೇ ಬರೆದಿದ್ದರು. ಬಿರಡೆ ಯಾವುದೆಂದೂ ಬರೆದಿದ್ದರು. ಅಕ್ಷರ ಬಿಡದೆ ಅನುಸರಿಸಿದವರಿಗೆಲ್ಲ ಚುಕ್ಕೆ ಸಿಕ್ಕಿದ್ದು ಹಾಗೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅವರು ಅಳೆದದ್ದು ಇಲಿಯ ಹಸಿವನ್ನಲ್ಲ, ಕೊಳವೆ ಕಾದ ಹೊತ್ತನ್ನು.

ಅವರಿಗೆ ಅಳು ಬಂತು. ಅತ್ತು ಮುಗಿಸಿ, ಮುಖ ತೊಳೆದುಕೊಂಡು, ಮನೆಗೆ ಹೋಗಿ ಮೇಷ್ಟ್ರಿಗೆ ಎಲ್ಲಾ ಹೇಳಿದರು. ತಮಾಷೆ ಮಾಡುವ ಮನುಷ್ಯ ಆ ದಿನ ಒಂದೂ ತಮಾಷೆ ಮಾಡಲಿಲ್ಲ.

ಭಾನುವಾರ ಮಗಳು ಬಂದಳು. ಸಮಾಚಾರ ಕೇಳಿ ಅವಳ ಮುಖ ಸಪ್ಪಗಾಯಿತು. "ಅಂದ್ರೆ ನಾನೇ ಕಾರಣ ಆದೆ ಅಲ್ವೇನಮ್ಮ? ನನ್ನ ಕರ್ಕೊಂಡು ಬರೋಕೆ ತಾನೇ ಓಡಿ ಬರ್ತಿದ್ದಿದ್ದು."

"ನೀನ್ಯಾಕಾಗ್ತೀಯೇ? ಬಿರಡೆ ಕಾರಣ."

"ಒಂದಿನ ನನ್ನ ಅಲ್ಲೇ ಬಿಟ್ಟು ಕೆಲಸ ಮುಗಿಸಿದ್ರೆ ಗೊತ್ತಾಗ್ತಿತ್ತು."

"ಗೊತ್ತಾಗ್ತಿತ್ತು. ಬಿಡಲಿಲ್ಲ. ಅದಕ್ಕೆ ನನಗೆ ಒಂದು ಚೂರೂ ಬೇಜಾರಿಲ್ಲ." ಮೇಡಂ ಮಗಳ ಕೆನ್ನೆ ತಟ್ಟಿದರು. "ಬೇಜಾರಿರೋದು ಬೇರೆದಕ್ಕೆ. ಆ ಹುಡುಗಿ ಬಂದು ಹೇಳಿದಾಗ ಕೊಳವೆ ತೊಳಿ ಅಂದೆನಲ್ಲ, ಅದಕ್ಕೆ. ಅವಳ ಕೈ ನೀನು ನೋಡ್ಬೇಕಿತ್ತು."

ಸಂಸ್ಥೆಯ ನಿರ್ದೇಶಕರು ಒಳ್ಳೆಯವರು, ಒಳ್ಳೆಯ ಮಾತನ್ನೇ ಹೇಳಿದರು. "ನೀವು ಇನ್ನೇನು ನಿವೃತ್ತಿ ಆಗೋರು ಮೇಡಂ. ಭಾಷಣದಲ್ಲಿ ಬೇರೆ ಯಾವುದಾದ್ರೂ ವಿಷಯ ಮಾತಾಡಿ. ಚುಕ್ಕೆ ತಾನಾಗೇ ಮರೆತು ಹೋಗುತ್ತೆ. ಸುಮ್ನೆ ಯಾಕೆ ಕೆರೆದು ಹುಣ್ಣು ಮಾಡ್ಕೋತೀರಿ?"

"ಈಗ್ಲೂ ಎಲ್ಲೋ ಒಂದು ಲ್ಯಾಬಲ್ಲಿ ಯಾರೋ ಕೊಳವೆ ತೊಳೀತಾ ನಿಂತಿರ್ತಾರೆ ಸರ್," ಎಂದರು ಮೇಡಂ.

ಸಮ್ಮೇಳನದ ಸಭಾಂಗಣ ತುಂಬಿತ್ತು. ಮೇಡಂ ಎರಡೇ ಚಿತ್ರ ತೋರಿಸಿದರು. ಮೊದಲನೆಯದು ಎಲ್ಲರೂ ನೋಡಿದ್ದ ಹಳೇ ಹಲಗೆ. ಎರಡನೆಯದು ಖಾಲಿ ಕೊಳವೆಯದು. ಆದದ್ದನ್ನು ಆದ ಹಾಗೆ ಹೇಳಿದರು, ಯಾರ ಮೇಲೂ ಹಾಕಲಿಲ್ಲ, ಕ್ಷಮೆ ಕೇಳುವ ನೆಪದಲ್ಲಿ ಹೊಗಳಿಸಿಕೊಳ್ಳಲೂ ನೋಡಲಿಲ್ಲ. ಮಾತು ಮುಗಿದಾಗ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಜನ ಕೂತಿದ್ದರು.

ಹಿಂದಿನ ಸಾಲಿನಿಂದ ಅವರದೇ ವಯಸ್ಸಿನ ಒಬ್ಬ ಹೆಂಗಸು ಎದ್ದು ನಿಂತಳು. "ನಿಮಗೆ ನೆನಪಿರಲಿಕ್ಕಿಲ್ಲ, ಬಹಳ ವರ್ಷದ ಹಿಂದೆ ನಿಮಗೆ ಬರ್ದಿದ್ದೆ. ನಮ್ಮ ಲ್ಯಾಬಲ್ಲಿ ಎಷ್ಟು ಮಾಡಿದ್ರೂ ಆ ಚುಕ್ಕೆ ಬರಲಿಲ್ಲ. ಪದ್ಧತಿ ಸರಿಯಾಗಿ ಓದಿ ಅಂತ ಉತ್ತರ ಬಂತು. ನನ್ನ ಕೈಗುಣವೇ ಸರಿಯಿಲ್ಲ ಅಂದ್ಕೊಂಡು ಆ ವಿಷಯಾನೇ ಬಿಟ್ಬಿಟ್ಟೆ."

ಮೇಡಂ ಮೈಕಿನಿಂದ ಪಕ್ಕಕ್ಕೆ ಸರಿದು ನೇರವಾಗಿ ಅವಳನ್ನೇ ನೋಡಿ ಹೇಳಿದರು, "ನಿಮ್ಮ ಕೆಲಸ ಸರಿಯಾಗಿತ್ತು. ನನ್ನದು ಸರಿಯಿರಲಿಲ್ಲ. ಇದನ್ನ ಆಗಲೇ ಹೇಳೋ ಯೋಗ್ಯತೆ ನನಗಿರಬೇಕಿತ್ತು."

ಆ ಹೆಂಗಸು ತಲೆಯಾಡಿಸಿ ಕೂತಳು. ಇದಾದ ಮೇಲೆ ಮೇಡಂಗೆ ಒಂದು ಲೋಟ ನೀರು ಬೇಕಾಯಿತು.

ಊರಿಗೆ ಮರಳಿದ ಮೇಲೆ ಉಳಿದದ್ದು ಹಳೆಯ ಲೇಖನವನ್ನು ಹಿಂದಕ್ಕೆ ತೆಗೆದುಕೊಳ್ಳುವ ಕೆಲಸ. ಅದಕ್ಕೆ ಹೊಸ ಲೇಖನವನ್ನೇ ಬರೆಯಬೇಕಿತ್ತು, ಚುಕ್ಕೆ ಎಲ್ಲಿಂದ ಬಂತು, ಇನ್ನೊಬ್ಬರು ಎಡವದಿರಲು ಏನು ಮಾಡಬೇಕು ಎಂದು. ಮೇಡಂ ಒಂದು ಹಾಳೆಯ ಮೇಲೆ ತಲೆಬರಹ ಹಾಕಿ, ಅದರ ಕೆಳಗೆ ತಮ್ಮ ಹೆಸರೊಂದನ್ನೇ ಬರೆದು, ಹಲಗೆಗಳ ಚಿತ್ರ ಕೇಳಲು ಏಣಿಯನ್ನು ಕರೆದರು. ಅವಳ ಬೆರಳಿನ ಪಟ್ಟಿಗಳು ಬಿಚ್ಚಿದ್ದವು. ಹೊಸ ಚರ್ಮ ಇನ್ನೂ ಕೆಂಪಗಿತ್ತು.

ಅವಳು ಹಾಳೆಯನ್ನು ಬಗ್ಗಿ ನೋಡಿದಳು. "ಮೇಡಂ, ಇದ್ರಲ್ಲಿ ನನ್ನ ಹೆಸರಿಲ್ಲ."

"ಬೇಡ ಮರಿ. ಇದು ಮಸಿ. ನಿನಗೂ ಯಾಕೆ ಬಳೀಲಿ? ನೀನು ಇನ್ನೂ ಕೆಲಸ ಹುಡುಕಬೇಕಾದೋಳು. ನಿನಗೆ ಬೇರೆ ವಿಷಯ ಕೊಡ್ತೀನಿ, ನಾನು ಹೋಗೋದ್ರೊಳಗೆ ಒಂದು ದಾರಿಗೆ ಹಚ್ತೀನಿ."

ಏಣಿ ಹಾಳೆಯನ್ನು ಮೇಡಂ ಕಡೆ ಸರಿಸಿದಳು. ಆಮೇಲೆ, "ಮಸಿ ಇದ್ರೆ ಅದು ನಿಮಗೆ ಮೇಡಂ, ನನಗಲ್ಲ," ಎಂದಳು. "ಇಷ್ಟು ವರ್ಷದಲ್ಲಿ ನನ್ನ ಕೈಗೆ ಸಿಕ್ಕ ನಿಜ ಅಂದ್ರೆ ಇದೊಂದೇ. ಕಂಡುಹಿಡಿದಿದ್ದು ನಾನು. ನನ್ನ ಹೆಸರು ಇರಬೇಕು. ಮೊದಲು ಇರಬೇಕು."

ನಿಜ ಹೇಳಬೇಕೆಂದರೆ ಮೇಡಂಗೆ ಸಿಟ್ಟು ಬಂತು. ತಮ್ಮನ್ನೇ ಒಬ್ಬ ವಿದ್ಯಾರ್ಥಿ ಹೀಗೆ ಎದುರು ನಿಂತು ಕೇಳಿದ್ದು ಈ ಕೋಣೆಯಲ್ಲಿ ಇದೇ ಮೊದಲು. ಕೇಳುವ ಧೈರ್ಯವನ್ನು ಇಷ್ಟು ವರ್ಷ ತಾವು ಯಾರಿಗೂ ಉಳಿಸಿರಲಿಲ್ಲ ಎಂದು ಹೊಳೆದದ್ದೇ ತಡ, ಆ ಸಿಟ್ಟು ನಿಲ್ಲಲು ಜಾಗ ಸಿಗದೆ ಇಳಿದುಹೋಯಿತು. ಅದರ ಜಾಗದಲ್ಲಿ ಬಂದದ್ದು ಸಂತೋಷ. ಚುಕ್ಕೆ ಸಿಕ್ಕ ದಿನಕ್ಕಿಂತ ಹೆಚ್ಚಿನದು ಎಂದು ಅವರು ಆಮೇಲೆ ಮೇಷ್ಟ್ರ ಹತ್ತಿರ ಹೇಳಿಕೊಂಡರು.

ತಮ್ಮ ಹೆಸರನ್ನು ಹೊಡೆದುಹಾಕಿದರು. ಅಲ್ಲಿ ಅವಳ ಹೆಸರು ಬರೆದು, ಅದರ ನಂತರ ತಮ್ಮದನ್ನು ಮತ್ತೆ ಬರೆದರು. ಕುರ್ಚಿಯನ್ನು ಕಾಲಿನಿಂದ ಅವಳ ಕಡೆ ತಳ್ಳಿದರು.

"ಸರಿ, ಕೂತ್ಕೋ. ಮೊದಲನೇ ಹೆಸರಿನವರು ಮೊದಲನೇ ವಾಕ್ಯ ಹೇಳ್ಬೇಕು. ಹೇಳು."

ಏಣಿ ಕೂತಳು. ಕಿಟಕಿಯ ಆಚೆ ನೋಡಿ ಯೋಚಿಸಿದಳು. ಆಮೇಲೆ ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ಹೇಳಿದಳು: "ಹಸಿವಿನ ಚುಕ್ಕೆ ಎಂಬುದು ಯಾವ ಇಲಿಯ ಯಕೃತ್ತಿನಲ್ಲಿಯೂ ಇಲ್ಲ."

ಮೇಡಂ ಒಂದಕ್ಷರವೂ ಬಿಡದೆ ಬರೆದುಕೊಂಡರು.